ಮಗುವಿನ ಅಳತೆಯ ಜಾಕೆಟ್ ಇಲ್ಲವೇ? ದೋಣಿ ಹತ್ತಬೇಡಿ

2019ರ ಜನವರಿ 21. ಕಾರವಾರದ ಕೂರ್ಮಗಡ ದ್ವೀಪದಲ್ಲಿ ನರಸಿಂಹ ದೇವರ ಜಾತ್ರೆ. ದರ್ಶನ ಮುಗಿಸಿ ವಾಪಸ್ ಬರುತ್ತಿದ್ದ ದೋಣಿ ಸಮುದ್ರದಲ್ಲಿ ಮಗುಚಿ 16 ಜನ ತೀರಿಕೊಂಡರು. ಅವರಲ್ಲಿ ಮಕ್ಕಳೂ ಇದ್ದರು. ಹಾವೇರಿ ಜಿಲ್ಲೆಯಿಂದ ಬಂದಿದ್ದ ಒಂದೇ ಕುಟುಂಬದ ಹಲವರಿದ್ದರು.

2023ರ ಮೇ 7ರ ಸಂಜೆ ಕೇರಳದ ತಾನೂರಿನಲ್ಲಿ ವಿಹಾರದ ದೋಣಿ ಮಗುಚಿ 22 ಜನ ಸತ್ತರು. ಅದರಲ್ಲೂ ಮಕ್ಕಳೇ ಬಹಳ. 2024ರ ಜನವರಿ 18ರಂದು ಗುಜರಾತಿನ ವಡೋದರಾದಲ್ಲಿ ಶಾಲಾ ಪ್ರವಾಸಕ್ಕೆ ಹೋದ 12 ಮಕ್ಕಳು ಮತ್ತು ಇಬ್ಬರು ಶಿಕ್ಷಕಿಯರು ಮುಳುಗಿ ಸತ್ತರು. ಅದು ಸಮುದ್ರವೂ ಅಲ್ಲ, ತುಂಬಿದ ಹೊಳೆಯೂ ಅಲ್ಲ. ಊರೊಳಗಿನ ಕೆರೆ.

ಮೂರು ಕಡೆಯೂ ಕೇಳಿಬಂದ ದೂರು ಒಂದೇ: ದೋಣಿಯಲ್ಲಿ ಮಿತಿ ಮೀರಿ ಜನ, ಎಲ್ಲರ ಮೈಮೇಲೂ ಲೈಫ್ ಜಾಕೆಟ್ ಇರಲಿಲ್ಲ.

ಇಂಥದ್ದು ನಡೆದಾಗಲೆಲ್ಲ ನಾವು ದೋಣಿಯವನನ್ನು ಬೈದು ಸುಮ್ಮನಾಗುತ್ತೇವೆ. ಅವನ ತಪ್ಪಿಗೆ ಕಾನೂನು ಇದೆ. ನದಿ, ಹಿನ್ನೀರಿನಲ್ಲಿ ಓಡುವ ಯಂತ್ರದ ದೋಣಿಗೆ ತಪಾಸಣೆ, ನೋಂದಣಿ ಆಗಿರಬೇಕು ಎಂದು 2021ರ ಒಳನಾಡು ಹಡಗು ಕಾಯ್ದೆ ಹೇಳುತ್ತದೆ. ಆದರೆ ಕಾಯ್ದೆಯ ಕಾಗದ ದಡದಲ್ಲಿ ನಿಂತು ಮಗುವಿನ ಕೈ ಹಿಡಿಯುವುದಿಲ್ಲ. ಅಲ್ಲಿ ಇರುವವರು ತಂದೆ, ತಾಯಿ, ಅಜ್ಜಿ, ಸೋದರಮಾವ. 'ಈ ದೋಣಿ ಬೇಡ' ಎಂದು ಹೇಳಬೇಕಾದವರೂ ಅವರೇ.

ಹೇಳುವುದು ಸುಲಭವಲ್ಲ, ನಮಗೂ ಗೊತ್ತು. ಟೆಂಪೊ ಮಾಡಿಕೊಂಡು ಇನ್ನೂರು ಕಿಲೋಮೀಟರ್ ಬಂದಿರುತ್ತೇವೆ. ಮಕ್ಕಳು ಹಟ ಹಿಡಿದಿರುತ್ತಾರೆ. 'ಹತ್ತ್ ನಿಮಿಷದ ದಾರಿ, ಜಾಕೆಟ್ ಯಾಕ್ರೀ' ಎಂದು ದೋಣಿಯವನು ನಗುತ್ತಾನೆ. ಹಿಂದೆ ನಿಂತವರು ಅವಸರ ಮಾಡುತ್ತಾರೆ. ನಾಲ್ಕು ಜನರ ಮುಂದೆ ಅಂಜುಬುರುಕ ಅನ್ನಿಸಿಕೊಳ್ಳಲು ಯಾರಿಗೂ ಇಷ್ಟವಿಲ್ಲ. ಆ ನಾಚಿಕೆಯನ್ನು ದಡದಲ್ಲೇ ಬಿಡಿ ಎಂಬುದೇ ನಮ್ಮ ಮಾತು.

ಹತ್ತುವ ಮೊದಲು ನೋಡಬೇಕಾದದ್ದು ಇಷ್ಟು:

ದೊಡ್ಡವರ ಜಾಕೆಟ್ ಮಗುವಿಗೆ ಆಗುವುದಿಲ್ಲ. ನೀರಿಗೆ ಬಿದ್ದ ಕೂಡಲೇ ಅದು ಮೇಲಕ್ಕೆ ಜರುಗುತ್ತದೆ, ಮಗು ಕೆಳಗಿನಿಂದ ಜಾರಿಹೋಗುತ್ತದೆ. ಮಗುವಿನ ಜಾಕೆಟ್ಟಿನ ಎಲ್ಲ ಪಟ್ಟಿ ಬಿಗಿದು, ಹೆಗಲ ಹತ್ತಿರ ಹಿಡಿದು ಮೇಲಕ್ಕೆತ್ತಿ ನೋಡಿ. ಗದ್ದ, ಕಿವಿ ಜಾಕೆಟ್ಟಿನೊಳಗೆ ಹೋದರೆ ಅದು ದೊಡ್ಡದಾಯಿತು. ಚಿಕ್ಕ ಮಕ್ಕಳಿಗೆ ತೊಡೆಸಂದಿಯಿಂದ ಹಾಯಿಸಿ ಕಟ್ಟುವ ಪಟ್ಟಿ ಇರಲೇಬೇಕು.

ಜಾಕೆಟ್ ಹಾಕುವುದು ದಡದಲ್ಲಿ, ಬಿಚ್ಚುವುದೂ ದಡದಲ್ಲೇ. ಸೀಟಿನ ಕೆಳಗಿಟ್ಟದ್ದನ್ನು ದೋಣಿ ಮಗುಚಿದ ಮೇಲೆ ಹುಡುಕಲು ಆಗುವುದಿಲ್ಲ. ಗಾಳಿ ತುಂಬಿದ ಟ್ಯೂಬು, ಬಲೂನಿನ ಆಟಿಕೆ ಜಾಕೆಟ್ ಅಲ್ಲ.

ಕಂಕುಳ ಕೂಸಿನ ಅಳತೆಗೆ ಜಾಕೆಟ್ ಇಲ್ಲದಿದ್ದರೆ ಒಬ್ಬರು ಕೂಸಿನೊಂದಿಗೆ ದಡದಲ್ಲೇ ಉಳಿಯಿರಿ. 'ಮಡಿಲಲ್ಲಿ ಗಟ್ಟಿ ಹಿಡಿದಿರ್ತೀನಿ' ಎಂಬ ಮಾತು ನೀರಿನಲ್ಲಿ ನಡೆಯುವುದಿಲ್ಲ. ಸೀರೆ ಸೆರಗಿನಲ್ಲಿ ಮೈಗೆ ಕಟ್ಟಿಕೊಳ್ಳುವುದಂತೂ ಬೇಡವೇ ಬೇಡ.

ದೋಣಿಗೆ ಎಷ್ಟು ಜನ ಎಂದು ಕೇಳಿ, ನೀವೇ ಎಣಿಸಿ. ಮಕ್ಕಳೂ ಲೆಕ್ಕಕ್ಕೆ ಸೇರಬೇಕು. ಒಂದೊಂದು ಮಗುವಿಗೆ ಒಬ್ಬೊಬ್ಬ ದೊಡ್ಡವರು ಎಂದು ಮೊದಲೇ ಗೊತ್ತು ಮಾಡಿ, ಏಕೆಂದರೆ ಮುಳುಗುವ ಮಗು ಕೂಗಲಾರದು. ಫೋಟೊಕ್ಕಾಗಿ ಎಲ್ಲರೂ ಒಂದೇ ಬದಿಗೆ ಹೋಗಬೇಡಿ. ತೆಪ್ಪದಲ್ಲಿ ಯಾರೂ ಎದ್ದು ನಿಲ್ಲಬೇಡಿ. ಮುಚ್ಚಿದ ಕೋಣೆಯಿರುವ ದೋಣಿಯಾದರೆ ಮಕ್ಕಳೊಂದಿಗೆ ಹೊರಗೆ ಬರುವ ದಾರಿಯ ಹತ್ತಿರ ಕೂರಿ. ಕತ್ತಲಾದ ಮೇಲೆ ಹತ್ತಬೇಡಿ.

ಅಕಸ್ಮಾತ್ ಮಗುಚಿದರೆ, ತೇಲುತ್ತಿರುವ ದೋಣಿಯನ್ನೇ ಹಿಡಿದುಕೊಳ್ಳಿ. ದಡದಲ್ಲಿರುವವರು ಹಗ್ಗ, ಖಾಲಿ ಕ್ಯಾನು, ಸಿಕ್ಕಿದ್ದನ್ನು ಎಸೆಯಿರಿ. 112ಕ್ಕೆ ಫೋನ್ ಮಾಡಿ. ಸಮುದ್ರವಾದರೆ ಕರಾವಳಿ ಕಾವಲು ಪಡೆಯ ಸಂಖ್ಯೆ 1554.

ಹೊಟ್ಟೆಪಾಡಿನ ಪ್ರಶ್ನೆಯೂ ಇದೆ. ಜಾತ್ರೆ, ರಜೆಯ ನಾಲ್ಕು ದಿನದ ದುಡಿಮೆಯಲ್ಲಿ ವರ್ಷ ದೂಡುವ ದೋಣಿಯವರಿದ್ದಾರೆ. ಕಡಿಮೆ ಜನ ಹತ್ತಿಸಿದರೆ ಅವರಿಗೆ ನಷ್ಟ. ಹಾಗಾದರೆ ತಲೆಗೆ ಇಪ್ಪತ್ತೋ ಮೂವತ್ತೋ ರೂಪಾಯಿ ಹೆಚ್ಚು ಕೊಡೋಣ. ಕಡಿಮೆ ದರಕ್ಕಾಗಿ ಚೌಕಾಸಿ ಮಾಡಿ, ಆಮೇಲೆ 'ಜಾಸ್ತಿ ಜನ ತುಂಬಿದ' ಎಂದು ದೂರುವುದು ನ್ಯಾಯವಲ್ಲ.

ದೋಣಿ ಓಡುವ ಊರುಗಳ ಪಂಚಾಯಿತಿಗಳಿಗೆ, ಜಾತ್ರಾ ಸಮಿತಿಗಳಿಗೂ ಒಂದು ಮಾತು. ಪೆಂಡಾಲು, ಪಟಾಕಿ, ಮೈಕಿಗೆ ಕೂಡಿಸುವ ಹಣದಲ್ಲಿ ಒಂದು ಪಾಲು ತೆಗೆದು ಮಕ್ಕಳ ಅಳತೆಯ ಜಾಕೆಟ್ ತಂದಿಡಿ. ದಡದಲ್ಲಿ 'ಈ ದೋಣಿಗೆ ಇಷ್ಟೇ ಜನ' ಎಂದು ದೊಡ್ಡದಾಗಿ ಬರೆಸಿ. ಎಣಿಸಿ ಹತ್ತಿಸಲು ಇಬ್ಬರನ್ನು ನಿಲ್ಲಿಸಿ. ಜಾತ್ರೆಯಲ್ಲಿ ಚಪ್ಪಲಿ ಕಾಯಲು ಜನ ಇರುತ್ತಾರೆ, ಮಕ್ಕಳನ್ನು ಎಣಿಸಲು ಯಾಕಿಲ್ಲ?

ದೋಣಿ ಹತ್ತದೆ ವಾಪಸ್ ಬಂದರೆ ಮಗು ಒಂದು ಗಂಟೆ ಅಳುತ್ತದೆ. ದಡದಲ್ಲೇ ಒಂದು ಐಸ್‌ಕ್ರೀಂ ಕೊಡಿಸಿ, ಅಲೆ ತೋರಿಸಿ ಕರೆದುಕೊಂಡು ಬನ್ನಿ.