ಫಾರಂ ತುಂಬುವ ಸುವಾರ್ತೆ ಬೇಡ

ಕಳೆದ ಬೇಸಿಗೆ ರಜೆಯಲ್ಲಿ ಹತ್ತು ದಿನಗಳ ಸುವಾರ್ತಾ ತರಬೇತಿಗೆ ಹೋಗಿದ್ದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ಸಣ್ಣ ಸಣ್ಣ ಸಭೆಗಳು ಸೇರಿ ನಡೆಸಿದ ಶಿಬಿರ ಅದು. (ಚರ್ಚಿಗೆ ಸೇರಿದ ಜನರನ್ನು ನಾವು ಸಭೆ ಎನ್ನುತ್ತೇವೆ.) ಪಾಠ ಹೇಳಲು ಬಂದವರು ದೂರದ ನಗರದ ತಂಡ. ಅಕ್ಕಿ, ಚಾಪೆ, ಶಾಮಿಯಾನ ನಮ್ಮ ಸಭೆಗಳದ್ದು. ಪಿಯುಸಿ, ಡಿಗ್ರಿ, ಬಿ.ಇಡಿ ಓದುವ ಇಪ್ಪತ್ತು ಇಪ್ಪತ್ತೈದು ಮಂದಿ ಇದ್ದೆವು. ಬೆಳಿಗ್ಗೆ ಸತ್ಯವೇದ, ಮಧ್ಯಾಹ್ನ ಹಾಡು, ಸಂಜೆ ಕರಪತ್ರ ಹಿಡಿದು ಊರೊಳಗೆ. ರಾತ್ರಿ ಊಟಕ್ಕೆ ಮೊದಲು ಒಂದು ಫಾರಂ ತುಂಬಬೇಕಿತ್ತು: ಇಂದು ಎಷ್ಟು ಜನರೊಂದಿಗೆ ಮಾತಾಡಿದಿರಿ, ಅವರ ಹೆಸರು, ಮೊಬೈಲ್ ನಂಬರ್.

ಮೂರನೆಯ ದಿನ ನನ್ನ ಫಾರಂ ಖಾಲಿ ಇತ್ತು. ಪಕ್ಕದವನದು ತುಂಬಿತ್ತು. ನಾಚಿಕೆಯಾಗಿ ಕೊಟ್ಟೂರಿನ ಗೆಳೆಯನ ಹೆಸರು, ನಂಬರ್ ಬರೆದುಬಿಟ್ಟೆ. ನಾವಿಬ್ಬರೂ ಲೈಬ್ರರಿಯ ಒಂದೇ ಮೇಜಿನಲ್ಲಿ ಕುಳಿತು ಪಿಡಿಒ ಪರೀಕ್ಷೆಗೆ ಓದುವವರು. ಆ ದಿನ ಅವನನ್ನು ನಾನು ನೋಡಿಯೂ ಇರಲಿಲ್ಲ. ವಾರದೊಳಗೆ ಅವನಿಗೆ ಗೊತ್ತಿಲ್ಲದ ನಂಬರುಗಳಿಂದ ಕರೆ ಬರತೊಡಗಿತು. ಅವನು ನನ್ನನ್ನು ಏನೂ ಕೇಳಲಿಲ್ಲ. ಕೇಳಿದ್ದು ಅವನ ಅಜ್ಜಿ, ಕೊಟ್ಟೂರೇಶ್ವರನ ತೇರನ್ನು ಒಂದು ವರ್ಷವೂ ತಪ್ಪಿಸದವರು. "ಏನಪ, ನಮ್ಮ ಹುಡುಗನ ಹೆಸ್ರು ಯಾವ್ದೋ ಪುಸ್ತಕದಾಗ ಬರಕಂಡೀಯಂತೆ? ನಿಮ್ಮ ದೇವ್ರ ಕತಿ ಹೇಳ್ಬೇಕಂದ್ರ ನನ್ನ ಮುಂದ ಹೇಳಬೇಕಿತ್ತು, ಕೂತು ಕೇಳ್ತಿದ್ದೆ." ಕೊಟ್ಟ ಚಹಾ ಕುಡಿದು ತಲೆ ತಗ್ಗಿಸಿಕೊಂಡು ಎದ್ದು ಬಂದೆ. ಗೆಳೆಯ ಈಗ ಬೇರೆ ಮೇಜಿನಲ್ಲಿ ಕೂರುತ್ತಾನೆ.

ಹಾಗಂತ ತರಬೇತಿಯೇ ಬೇಡ ಎನ್ನುವವನು ನಾನಲ್ಲ. ತನ್ನ ಧರ್ಮವನ್ನು ನಂಬುವುದಕ್ಕೆ, ಆಚರಿಸುವುದಕ್ಕೆ ಮಾತ್ರವಲ್ಲ, ಪ್ರಚಾರ ಮಾಡುವುದಕ್ಕೂ ಸಂವಿಧಾನದ 25ನೇ ವಿಧಿ ಹಕ್ಕು ಕೊಟ್ಟಿದೆ. ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಕ್ಕೆ ಧಕ್ಕೆ ಬರಬಾರದು, ಅಷ್ಟೆ. ನಂಬಿದ್ದನ್ನು ಬಯಲಲ್ಲಿ ನಿಂತು ಹೇಳುವುದು ನಮ್ಮ ಸೀಮೆಗೆ ಹೊಸದೂ ಅಲ್ಲ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಗೊರವಯ್ಯ ಬಿಲ್ಲನ್ನೇರಿ ಕಾರ್ಣಿಕ ನುಡಿಯುವಾಗ ಸಾವಿರಾರು ಜನ ಉಸಿರು ಬಿಗಿಹಿಡಿದು ಕೇಳುತ್ತಾರೆ. ಜಂಗಮರು, ದಾಸರು ಮನೆ ಬಾಗಿಲಿಗೆ ಬಂದು ಹಾಡಿ ಹೋದ ನೆಲ ಇದು. ಆದರೆ ಅವರು ಯಾರೂ ಕೇಳಿದವರ ಫೋನ್ ನಂಬರ್ ಬರೆದುಕೊಳ್ಳುವುದಿಲ್ಲ.

ಶಿಬಿರದಲ್ಲಿ ಕಾನೂನಿನ ಬಗ್ಗೆ ಅರ್ಧ ಗಂಟೆಯ ಪಾಠವೂ ಇರಲಿಲ್ಲ. ಕರ್ನಾಟಕದಲ್ಲಿ 2022ರಲ್ಲಿ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆ ಬಂತು. ಬಲವಂತ, ವಂಚನೆ ಮಾತ್ರವಲ್ಲ, ಉಡುಗೊರೆ, ಉದ್ಯೋಗ, ಉಚಿತ ಶಿಕ್ಷಣದ ಆಸೆ ತೋರಿಸಿದರೂ ಅದರ ಪ್ರಕಾರ ಆಮಿಷವೇ. ಮತಾಂತರವಾಗುವವರು 30 ದಿನ ಮೊದಲೇ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಅಪ್ರಾಪ್ತರು, ಮಹಿಳೆಯರು, ಪರಿಶಿಷ್ಟರನ್ನು ಕಾಯ್ದೆ ಮೀರಿ ಮತಾಂತರಿಸಿದರೆ 3ರಿಂದ 10 ವರ್ಷ ಜೈಲು. ಜಾಮೀನುರಹಿತ ಅಪರಾಧ. ತಪ್ಪು ಮಾಡಿಲ್ಲವೆಂದು ಸಾಬೀತು ಮಾಡುವ ಹೊರೆಯೂ ಆರೋಪಿಯ ಮೇಲೆಯೇ. ಈ ಕಾಯ್ದೆಯನ್ನು ರದ್ದು ಮಾಡಲು 2023ರ ಜೂನ್‌ನಲ್ಲಿ ಸಚಿವ ಸಂಪುಟ ತೀರ್ಮಾನಿಸಿದ್ದು ನಿಜ. ಕಾಯ್ದೆ ನ್ಯಾಯವೋ ಅಲ್ಲವೋ ಎಂಬುದು ಬೇರೆ ಚರ್ಚೆ, ನನಗಂತೂ ಅದು ಅತಿಯಾಯಿತು ಅನಿಸುತ್ತದೆ. ಆದರೆ ಹತ್ತೊಂಬತ್ತರ ಹುಡುಗಿಯ ಕೈಗೆ ಕರಪತ್ರ ಕೊಟ್ಟು ಬೀದಿಗೆ ಕಳಿಸುವವರು ಇದನ್ನು ಅವಳಿಗೆ ಹೇಳದಿದ್ದರೆ ಹೇಗೆ? ಒಂದು ಎಫ್‌ಐಆರ್ ಆದರೆ ಸರ್ಕಾರಿ ಕೆಲಸದ ಪೊಲೀಸ್ ವೆರಿಫಿಕೇಶನ್ ಏನಾಗುತ್ತದೆಂದು ಕೆಲಸ ಹುಡುಕುವ ನಮಗೆಲ್ಲ ಗೊತ್ತು.

ಇನ್ನೊಂದು ವಿಷಯ ಹೇಳಲು ಮುಜುಗರವಾಗುತ್ತದೆ. ಸಂಜೆ ನಮ್ಮನ್ನು ಹೆಚ್ಚಾಗಿ ಕಳಿಸುತ್ತಿದ್ದುದು ದಲಿತ ಕೇರಿಗಳಿಗೇ. ಬಸ್ ಸ್ಟ್ಯಾಂಡಿನ ಹಿಂದಿನ ದೊಡ್ಡ ಮನೆಗಳಿಗಲ್ಲ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯವರು ಕ್ರೈಸ್ತರಾದರೆ ಆ ಸ್ಥಾನ ಹೋಗುತ್ತದೆ. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಅದು ಸಿಕ್ಕಿತು, ನಮಗೆ ಸಿಕ್ಕಿಲ್ಲ. ರಾಜ್ಯದ ಹಿಂದುಳಿದವರ ಪಟ್ಟಿಯಲ್ಲಿ ಪ್ರವರ್ಗ-1 ಸಿಗುತ್ತದೆ, ಆದರೆ ಅದು ಎಸ್‌ಸಿ ಅಲ್ಲ. ಹಾಸ್ಟೆಲ್ ಸೀಟು, ಸ್ಕಾಲರ್‌ಶಿಪ್, ನೇಮಕಾತಿ ಎಲ್ಲದರ ಲೆಕ್ಕ ಬದಲಾಗುತ್ತದೆ. ಹಡಗಲಿ ಕಡೆಯ ಒಬ್ಬ ಹುಡುಗ ಇದನ್ನು ಕೇಳಿದಾಗ ಬಂದ ಉತ್ತರ, "ದೇವರು ನೋಡಿಕೊಳ್ಳುತ್ತಾನೆ." ದೇವರು ನೋಡಿಕೊಳ್ಳಬಹುದು. ಆದರೆ ಎದುರು ಕೂತವನಿಗೆ ಸತ್ಯ ಹೇಳುವುದು ನಮ್ಮ ಕೆಲಸ. ಗೊತ್ತಿದ್ದೂ ಮುಚ್ಚಿಟ್ಟರೆ ಅದನ್ನು ಸುವಾರ್ತೆ ಎನ್ನಲು ನನ್ನ ನಾಲಿಗೆ ಏಳುವುದಿಲ್ಲ.

ಭಾಷೆಯ ಕಥೆ ಬೇರೆ. ಕರಪತ್ರದಲ್ಲಿ "ನೀವು ರಕ್ಷಿಸಲ್ಪಟ್ಟಿದ್ದೀರಾ?" ಎಂದು ಅಚ್ಚಾಗಿತ್ತು. ಕೂಡ್ಲಿಗಿಯಲ್ಲಿ ಶೇಂಗಾ ಮಾರುವ ಯಜಮಾನರೊಬ್ಬರು ಓದಿ, "ಯಾರಿಂದಪ?" ಎಂದರು. ನಾವು ನಕ್ಕೆವು, ಆದರೆ ನಗುವ ಮಾತಲ್ಲ. ಈ ಐದೂ ಊರುಗಳು ಸೇರಿದ್ದ ಹಳೆಯ ಬಳ್ಳಾರಿ ಜಿಲ್ಲೆಗೆ 1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಂದಾಗ ಮೊದಲು ಮಾಡಿದ್ದು ಕನ್ನಡ ಕಲಿಯುವ ಕೆಲಸ. ಸತ್ಯವೇದವನ್ನು ಕನ್ನಡಕ್ಕೆ ತರಲು ವರ್ಷಗಟ್ಟಲೆ ದುಡಿದರು. ಅದೇ ಮಿಷನ್ನಿನ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್-ಕನ್ನಡ ನಿಘಂಟು ಹೊರತಂದರು. ಅವರಿಗೆ ಜನರ ಬಾಯಿಯ ಮಾತು ಹಿಡಿಯಲು ಅಷ್ಟು ವರ್ಷ ಬೇಕಾಯಿತು. ನಮಗೆ ಹತ್ತು ದಿನ ಸಾಕೆಂದು ಯಾರೋ ತೀರ್ಮಾನಿಸಿದ್ದಾರೆ, ಅದೂ ನಮ್ಮದೇ ಊರಲ್ಲಿ.

ಹೊರಗಿನ ತಂಡ ಸಮಾರೋಪ ಮುಗಿಸಿ ರಾತ್ರಿ ಬಸ್ಸಿಗೆ ಹೊರಟಿತು. ಫಾರಂಗಳೂ ಅವರ ಬ್ಯಾಗಿನಲ್ಲೇ ಹೋದವು. ಇಲ್ಲಿ ಉಳಿದವರು ನಮ್ಮ ಅಯ್ಯನವರು. ಸಾವಿನ ಮನೆಗೆ ಹೋಗುವವರು, ಗುಳೆ ಹೋದವರ ಮಕ್ಕಳನ್ನು ಶಾಲೆಗೆ ಕಳಿಸಲು ಓಡಾಡುವವರು, ಗಲಾಟೆಯಾದರೆ ಸ್ಟೇಷನ್ನಿಗೆ ಕರೆಸಿಕೊಳ್ಳುವವರು ಅವರೇ. ಸ್ಥಳೀಯ ಸಭೆಗಳ ಸಹಭಾಗಿತ್ವ ಎಂದರೆ ಅನ್ನ ಬೇಯಿಸಿ ಹಾಕುವುದಷ್ಟೇ ಆಗಬಾರದು. ಏನು ಕಲಿಸಬೇಕು, ಯಾವ ಓಣಿಗೆ ಹೋಗಬೇಕು, ಎಲ್ಲಿ ಸುಮ್ಮನಿರಬೇಕು ಎಂಬುದನ್ನು ಅವರೇ ಹೇಳಬೇಕು. ತಿಂಗಳಿಗೊಂದು ಭಾನುವಾರ, ವರ್ಷವಿಡೀ ಕಲಿಸಿದರೂ ಸಾಕು.

ಮುಂದಿನ ಮೇ ತಿಂಗಳ ಶಿಬಿರದ ಬಗ್ಗೆ ಮೊನ್ನೆ ಅಯ್ಯನವರ ಜೊತೆ ಮಾತಾಡಿದೆ. ಮೊದಲ ದಿನ ಒಬ್ಬ ವಕೀಲರನ್ನು ಕರೆಸೋಣ ಎಂದೆ, ಒಪ್ಪಿದರು. ಫಾರಂ ಬೇಡವೇ ಬೇಡ ಎಂದೆ. "ಕಮಿಟಿಯಲ್ಲಿ ಕೇಳ್ತೀನಿ ತಮ್ಮಾ" ಎಂದಿದ್ದಾರೆ. ಅದಕ್ಕೂ ಮೊದಲು ನಾನು ಇನ್ನೊಮ್ಮೆ ಕೊಟ್ಟೂರಿಗೆ ಹೋಗಿ ಬರಬೇಕು, ಆ ಅಜ್ಜಿಯ ಮನೆಗೆ. ಈ ಸಲ ಕೈಯಲ್ಲಿ ಕರಪತ್ರ ಇರುವುದಿಲ್ಲ.