ಫೋನಿನ ಮೇಲೆ ಗೂಬೆ ಕೂರಿಸುವವರು

‘ಫೋನು ಹಳೆಯದಾಯಿತು, ಹೊಸದನ್ನು ಕೊಳ್ಳಿ’ ಎಂಬುದು ಈಗ ನಮ್ಮ ಪಟ್ಟಣಗಳಲ್ಲಿ ವೇದವಾಕ್ಯವಾಗಿದೆ. ಬ್ಯಾಂಕಿನ ಆ್ಯಪ್ ತೆರೆಯಲು ತಡವಾದರೆ ಫೋನಿನ ತಪ್ಪು. ಟಿಕೆಟು ಪರದೆಯ ಮೇಲೆ ಮೂಡುವ ಮೊದಲೇ ಬಸ್ಸು ಹೊರಟುಹೋದರೆ ಅದೂ ಫೋನಿನದೇ ತಪ್ಪು. ಅಂಗಡಿಯವನು ಹೇಳುತ್ತಾನೆ, ಮನೆಯ ಹುಡುಗರು ಹೇಳುತ್ತಾರೆ, ಆ್ಯಪ್ ಮಾಡಿದವರ ಸಹಾಯವಾಣಿಯೂ ಹೇಳುತ್ತದೆ: ‘ನಿಮ್ಮ ಪ್ರೊಸೆಸರು ಸಾಲದು.’ ಕೇಳಿಸಿಕೊಂಡವರು ತಪ್ಪು ಮಾಡಿದವರಂತೆ ತಲೆ ತಗ್ಗಿಸಿ, ಕಂತಿನ ಮೇಲೆ ಇನ್ನೊಂದು ಫೋನು ತರುತ್ತಾರೆ. ಸಾಲದಿರುವುದು ಪ್ರೊಸೆಸರೋ, ಆ್ಯಪ್ ಬರೆದವರ ವಿವೇಕವೋ ಎಂದು ಕೇಳುವವರು ಮಾತ್ರ ಕಾಣೆ.

ಫೋನಿನ ಡಬ್ಬಿಯ ಮೇಲೆ ‘ಎಂಟು ಕೋರು’ ಎಂದು ದಪ್ಪಕ್ಷರದಲ್ಲಿ ಅಚ್ಚು ಮಾಡಿರುತ್ತಾರೆ. ಎಂಟು ಕೋರಿನದು ನಾಲ್ಕು ಕೋರಿನದಕ್ಕಿಂತ ಎರಡರಷ್ಟು ಬೇಗ ಕೆಲಸ ಮಾಡುತ್ತದೆಂದು ಕೊಳ್ಳುವವರ ಲೆಕ್ಕ. ವಸ್ತುಸ್ಥಿತಿ ಬೇರೆ. ಬೆರಳು ತಾಕಿದ್ದನ್ನು ಗ್ರಹಿಸಿ ಪರದೆಯನ್ನು ಸಿದ್ಧಪಡಿಸುವ ಮುಖ್ಯ ಕೆಲಸ ಹೆಚ್ಚಿನ ಆ್ಯಪ್‌ಗಳಲ್ಲಿ ಒಂದೇ ಸಾಲಿನಲ್ಲಿ, ಒಂದು ಹೊತ್ತಿಗೆ ಒಂದೇ ಕೋರಿನ ಮೇಲೆ ಸಾಗುತ್ತದೆ. ಪರದೆ ಸೆಕೆಂಡಿಗೆ 60 ಸಲ ಹೊಸದಾಗಬೇಕಾದರೆ ಪ್ರತಿ ಸಲಕ್ಕೂ ದೊರಕುವ ಅವಕಾಶ ಸುಮಾರು 16.7 ಮಿಲಿಸೆಕೆಂಡು. ಅಷ್ಟರೊಳಗೆ ಕೆಲಸ ಮುಗಿಯದಿದ್ದರೆ ಪರದೆ ತಡವರಿಸುತ್ತದೆ. ಒಬ್ಬ ಗುಮಾಸ್ತರ ಮೇಜಿನ ಮೇಲೆ ಕಡತಗಳೆಲ್ಲ ರಾಶಿ ಬಿದ್ದು, ಉಳಿದ ಏಳು ಮಂದಿ ಕಾಫಿಗೆ ಹೋಗಿರುವ ಕಚೇರಿಯನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೋರು ಕೋರಿಗೂ ಭೇದವುಂಟು. 2021ರ ನವೆಂಬರಿನಲ್ಲಿ ಜಿಯೋಫೋನ್ ನೆಕ್ಸ್ಟ್ ಎಂಬ ಫೋನು 6,499 ರೂಪಾಯಿಗೆ ಮಾರಾಟಕ್ಕೆ ಬಂದಿತು. ಅದರಲ್ಲಿದ್ದದ್ದು ನಾಲ್ಕು ಕಾರ್ಟೆಕ್ಸ್-ಎ53 ಕೋರುಗಳು. ಆರ್ಮ್ ಕಂಪನಿ ಆ ವಿನ್ಯಾಸವನ್ನು ಪ್ರಕಟಿಸಿದ್ದು 2012ರಲ್ಲಿ. ಈ ಕೋರು ಆದೇಶಗಳನ್ನು ಬಂದ ಸರದಿಯಲ್ಲೇ ನಡೆಸುತ್ತದೆ. ನ್ಯಾಯಬೆಲೆ ಅಂಗಡಿಯ ಸಾಲಿನಂತೆ, ಮುಂದಿನವನ ಚೀಟಿ ಸಿಗದಿದ್ದರೆ ಹಿಂದಿನವರೆಲ್ಲ ನಿಲ್ಲಬೇಕು. ದುಬಾರಿ ಫೋನಿನ ದೊಡ್ಡ ಕೋರುಗಳು ಹಾಗಲ್ಲ. ಚೀಟಿ ಸಿದ್ಧವಿರುವವರನ್ನು ಮುಂದೆ ಕರೆದು ಕೆಲಸ ಮುಗಿಸಿಬಿಡುತ್ತವೆ. ಅದಕ್ಕೆ ಬೆಲೆಯೂ ಹೆಚ್ಚು, ವಿದ್ಯುತ್ತಿನ ಖರ್ಚೂ ಹೆಚ್ಚು. ಒಂಬತ್ತು ವರ್ಷ ಹಿಂದಿನ ವಿನ್ಯಾಸವನ್ನು ಬಡವರಿಗೆಂದು ‘ಹೊಸ ಫೋನಿ’ನಲ್ಲಿಟ್ಟು ಮಾರಿದರು ಎಂದು ಚಿಪ್ಪಿನವರನ್ನು ಬಯ್ಯಬಹುದು. ಬೈಯೋಣ. ಆದರೆ ಆ ಕೋರೂ ಬ್ಯಾಂಕಿನ ಬಾಕಿಯನ್ನು ತೋರಿಸಲಾರದಷ್ಟು ದುರ್ಬಲವಲ್ಲ.

ಹಾಗಾದರೆ ಹೊತ್ತು ಹೋಗುವುದು ಎಲ್ಲಿ? ಆ್ಯಪ್ ಬರೆಯುವವರ ಕೈಯಲ್ಲಿ ಇರುವುದು ಆ ವರ್ಷದ ಅತ್ಯುತ್ತಮ ಫೋನು, ಕಚೇರಿಯಲ್ಲಿ ಇರುವುದು ಧಾರಾಳವಾದ ವೈಫೈ. ಎರಡು ಬಗೆಯ ಫೋನಿಗೆ ಎರಡು ಸಲ ಬರೆಯುವ ಶ್ರಮ ಬೇಡವೆಂದು ಎಷ್ಟೋ ಕಡೆ ಜಾವಾಸ್ಕ್ರಿಪ್ಟಿನ ಒಂದು ದೊಡ್ಡ ಮೂಟೆ ಕಟ್ಟಿ, ಅದನ್ನೇ ಆ್ಯಪ್ ಎಂದು ಕರೆಯುತ್ತಾರೆ. ಅದರ ಮೇಲೆ ಜಾಹೀರಾತಿನವರ ಒಂದು ಗಂಟು, ಬಳಕೆದಾರನ ನಡೆಯನ್ನು ಬೇಹು ನೋಡುವವರ ಇನ್ನೆರಡು ಗಂಟು. ಆ್ಯಪ್ ತೆರೆದ ಕೂಡಲೇ ಇವೆಲ್ಲ ಎದ್ದು ಕುಳಿತು ನಮ್ಮ ಪ್ರೊಸೆಸರನ್ನು, ನಮ್ಮ ಬ್ಯಾಟರಿಯನ್ನು ಉಣ್ಣಲು ತೊಡಗುತ್ತವೆ. ಬಾಕಿ ಎಷ್ಟೆಂದು ನೋಡಲು ಬಂದವನು ಬಾಗಿಲಲ್ಲಿ ಕಾಯಬೇಕು. ಅವರು ಉಳಿಸಿದ್ದು ತಮ್ಮ ಸಂಬಳದ ಖರ್ಚು, ತೆತ್ತವರು ನಾವು. ಪಾಸ್ಕಲ್ ಭಾಷೆಯ ಜನಕ, ಸ್ವಿಟ್ಜರ್ಲೆಂಡಿನ ನಿಕ್ಲಾಸ್ ವಿರ್ತ್ 1995ರಷ್ಟು ಹಿಂದೆಯೇ, ಯಂತ್ರ ವೇಗವಾಗುವುದಕ್ಕಿಂತ ಬೇಗ ತಂತ್ರಾಂಶ ನಿಧಾನವಾಗುತ್ತಿದೆ ಎಂದು ಎಚ್ಚರಿಸಿದ್ದರು. ಆಗ ಸ್ಮಾರ್ಟ್‌ಫೋನು ಮನೆಮಾತಾಗಿರಲಿಲ್ಲ. 2024ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ರೋಗ ಪ್ರತಿಯೊಬ್ಬರ ಜೇಬಿಗೂ ಬಂದಿತ್ತು.

ದುಬಾರಿ ಫೋನು ಕೊಂಡವರು ಈ ಪಾಡಿನಿಂದ ಪಾರಾದೆವೆಂದು ತಿಳಿಯಬೇಕಾಗಿಲ್ಲ. ಹೆಚ್ಚಿನ ಫೋನುಗಳ ಒಳಗೆ ಫ್ಯಾನು ಇಲ್ಲ. ಕೆಲವು ನಿಮಿಷ ಬಿರುಸಿನಿಂದ ದುಡಿದು ಬಿಸಿಯಾದರೆ ಪ್ರೊಸೆಸರು ತಾನಾಗಿ ವೇಗ ತಗ್ಗಿಸಿಕೊಳ್ಳಲೇಬೇಕು. ಅದಕ್ಕಿಂತ ಸೋಜಿಗದ್ದು ಆ್ಯಪಲ್ ಕಂಪನಿಯ ಪ್ರಸಂಗ. ಬ್ಯಾಟರಿ ಸವೆದ ಹಳೆಯ ಐಫೋನುಗಳ ಪ್ರೊಸೆಸರನ್ನು ತಾನೇ ನಿಧಾನ ಮಾಡುತ್ತಿದ್ದೇನೆಂದು ಆ ಕಂಪನಿ 2017ರ ಡಿಸೆಂಬರಿನಲ್ಲಿ ಒಪ್ಪಿಕೊಂಡಿತು. ಫೋನು ತಟ್ಟನೆ ಆರಿಹೋಗದಿರಲೆಂದು ಹಾಗೆ ಮಾಡಿದೆವೆಂಬ ಸಮಜಾಯಿಷಿ ಸುಳ್ಳಲ್ಲ. ಆದರೆ ಕೊಂಡವರಿಗೆ ಮೊದಲೇ ಅದನ್ನು ನೇರವಾಗಿ ಹೇಳಿರಲಿಲ್ಲ. ಬ್ಯಾಟರಿ ಬದಲಿಸುವ ದರವನ್ನು 79 ಡಾಲರಿನಿಂದ 29ಕ್ಕೆ ಇಳಿಸಬೇಕಾಯಿತು. 2020ರಲ್ಲಿ ಫ್ರಾನ್ಸ್ 2 ಕೋಟಿ 50 ಲಕ್ಷ ಯೂರೋ ದಂಡ ಹಾಕಿತು. ಬ್ಯಾಟರಿಯಿಂದ ಹೋಗುತ್ತಿದ್ದ ಕಾಯಿಲೆಗೆ ಫೋನನ್ನೇ ಬದಲಿಸಿದವರಿಗೆ ಆ ಹಣದಿಂದ ಏನು ಬಂತು?

‘ಹೊಸ ಪ್ರೊಸೆಸರು ಇಲ್ಲದಿದ್ದರೆ ಹೊಸ ಸೌಕರ್ಯ ಎಲ್ಲಿಂದ ಬರುತ್ತದೆ?’ ಎಂದು ಕೇಳುವ ಮಹನೀಯರಿದ್ದಾರೆ. ಕತ್ತಲಲ್ಲಿ ತೆಗೆದ ಚಿತ್ರ ಬೆಳಗುವುದು, ಫೋನಿನೊಳಗೇ ಮಾತು ಬರಹವಾಗುವುದು, ಇವೆಲ್ಲ ಬಲವಾದ ಚಿಪ್ಪಿನಿಂದಲೇ ಸಾಧ್ಯವಾದದ್ದು, ಒಪ್ಪತಕ್ಕ ಮಾತು. ಆಟ ಆಡುವವರು ಬೇಕಾದ ಚಿಪ್ಪು ಕೊಳ್ಳಲಿ, ಯಾರ ಅಡ್ಡಿಯೂ ಇಲ್ಲ. ಆದರೆ ಬಿಟ್ಟರೂ ಬಿಡಲಾಗದ ಆ್ಯಪ್‌ಗಳಿವೆಯಲ್ಲ, ಅವುಗಳ ಗತಿಯೇನು? ಅಂಗನವಾಡಿಯ ಲೆಕ್ಕವನ್ನು ಫೋನಿನಲ್ಲೇ ಬರೆಯಬೇಕೆಂದು ಕೇಂದ್ರ ಸರ್ಕಾರ 2021ರಲ್ಲಿ ‘ಪೋಷಣ್ ಟ್ರ್ಯಾಕರ್’ ತಂದಿತು. ಅದೇ ವರ್ಷ ಮಹಾರಾಷ್ಟ್ರದ ಕಾರ್ಯಕರ್ತೆಯರು ಸರ್ಕಾರ ಕೊಟ್ಟಿದ್ದ ಫೋನುಗಳನ್ನು ಹಿಂದಿರುಗಿಸುವ ಚಳವಳಿ ಹೂಡಿದರು. ಅವು 2 ಜಿಬಿ ಮೆಮೊರಿಯ ಫೋನುಗಳು. ಬಿಸಿಯಾಗಿ ನಿಂತುಹೋಗುತ್ತಿದ್ದವು, ರಿಪೇರಿಯ ಖರ್ಚೂ ತಮ್ಮ ತಲೆಗೇ ಬರುತ್ತಿದೆ ಎಂಬುದು ಅವರ ದೂರು. ಮಗುವಿನ ತೂಕ, ಹಂಚಿದ ಆಹಾರ, ಇಷ್ಟನ್ನು ಬರೆದಿಡುವ ಕೆಲಸ ಅದು. ರಿಜಿಸ್ಟರಿನಲ್ಲಿ ಎರಡು ಗೆರೆ ಹಿಡಿಯುತ್ತಿದ್ದದ್ದನ್ನು ಹೊರಲಾರದ ಫೋನು ಕೊಟ್ಟವರನ್ನೂ, ಆ ಫೋನು ಹೊರಲಾರದ ಆ್ಯಪ್ ಕೊಟ್ಟವರನ್ನೂ ಬಿಟ್ಟು, ಹೆಂಗಸರಿಗೆ ತಂತ್ರಜ್ಞಾನ ಬಾರದು ಎಂದವರು ನಮ್ಮ ನಡುವೆಯೇ ಇದ್ದಾರೆ.

ಹಗುರವಾಗಿ ಬರೆಯುವುದು ಆಗದ ಮಾತೆನ್ನುವಂತಿಲ್ಲ. 2015ರಲ್ಲಿ ಫೇಸ್‌ಬುಕ್ಕಿನವರು ಒಂದು ಎಂಬಿಗಿಂತ ಕಡಿಮೆ ತೂಕದ ‘ಲೈಟ್’ ಆ್ಯಪ್ ಬಿಟ್ಟರು. ಅದೇ ವರ್ಷ ಮಂಗಳವಾರಗಳಂದು ಒಂದು ಗಂಟೆ 2ಜಿ ವೇಗವನ್ನು ಅನುಭವಿಸುವ ಅವಕಾಶವನ್ನು ತಮ್ಮ ನೌಕರರಿಗೆ ಕೊಟ್ಟರು. ನಮ್ಮ ಬೆಂಗಳೂರಿನ ಫ್ಲಿಪ್‌ಕಾರ್ಟಿನವರೂ ಆ ವರ್ಷವೇ ಬ್ರೌಸರಿನಲ್ಲಿ ನಡೆಯುವ ಹಗುರವಾದ ಅಂಗಡಿ ತೆರೆದರು. ಗಿರಾಕಿ ಕೈತಪ್ಪುತ್ತಾನೆಂಬ ಭಯ ಹುಟ್ಟಿದಾಗ ವ್ಯಾಪಾರಿಗಳಿಗೆ ಬಂದ ಬುದ್ಧಿ ಸರ್ಕಾರಕ್ಕೂ ಬ್ಯಾಂಕುಗಳಿಗೂ ಬರದಿರುವುದಕ್ಕೆ ಕಾರಣ ಸ್ಪಷ್ಟ: ಅವರ ಗಿರಾಕಿಗೆ ಹೋಗಲು ಬೇರೆ ಅಂಗಡಿಯಿಲ್ಲ.

ಆದ್ದರಿಂದ ಪಿಂಚಣಿ, ಪಡಿತರ, ವಿದ್ಯಾರ್ಥಿವೇತನ, ಬ್ಯಾಂಕು, ಇವುಗಳ ಆ್ಯಪ್ ಮಾಡಿಸುವಾಗ ಟೆಂಡರಿನಲ್ಲೇ ಕರಾರು ಇರಬೇಕು: ಪೇಟೆಯಲ್ಲಿ ದೊರೆಯುವ ಅತ್ಯಂತ ಅಗ್ಗದ ಫೋನಿನಲ್ಲಿ ಇಂತಿಷ್ಟು ಸೆಕೆಂಡಿನೊಳಗೆ ತೆರೆಯದಿದ್ದರೆ ಹಣ ಪಾವತಿಯಿಲ್ಲ; ತೆಗೆದುಕೊಂಡ ಕಾಲವನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಬೇಕು. ಪರೀಕ್ಷೆ ನಡೆಯಬೇಕಾದದ್ದು ಕಾರ್ಯದರ್ಶಿಗಳ ಫೋನಿನಲ್ಲಲ್ಲ, ಅವರ ಕೊಠಡಿಯ ಹೊರಗೆ ಸ್ಟೂಲಿನ ಮೇಲೆ ಕುಳಿತ ಅಟೆಂಡರರ ಫೋನಿನಲ್ಲಿ.