ಮಳೆನೆರಳು ಬೆಟ್ಟದ್ದು, ಬರ ಯಾರದು?

ನಮ್ಮ ಚಿತ್ರದುರ್ಗದ ಸೀಮೆಯಲ್ಲಿ ಆರಿದ್ರಾ ಮಳೆ ಕೈಕೊಟ್ಟಿತೆಂದರೆ ಎರಡು ಬಗೆಯ ಮಾತುಗಳು ಕೇಳಿಬರುತ್ತವೆ. ಒಂದು ಹಳ್ಳಿಯ ಕಟ್ಟೆಯ ಮೇಲಿನದು: ಕಾಲ ಕೆಟ್ಟಿತು, ಧರ್ಮ ಕ್ಷೀಣಿಸಿತು, ದೇವರು ಮುನಿದಿದ್ದಾನೆ. ಇನ್ನೊಂದು ವಿಧಾನಸೌಧದ್ದು: ಪ್ರಕೃತಿ ವಿಕೋಪದ ಮುಂದೆ ಸರಕಾರ ತಾನೇ ಏನು ಮಾಡೀತು? ಕೇಳಲು ಬೇರೆ ಬೇರೆಯಾದರೂ ಎರಡರ ಫಲ ಒಂದೇ. ಹೊಣೆಯನ್ನು ಮನುಷ್ಯನ ಹೆಗಲಿನಿಂದ ಇಳಿಸಿ ಮುಗಿಲಿನ ಮೇಲೆ ಹೊರಿಸುವುದು. 2019ನೆಯ ಇಸವಿಯ ಜೂನ್ ತಿಂಗಳಲ್ಲಂತೂ ಈ ಎರಡು ಮಾತುಗಳೂ ಕೂಡಿಕೊಂಡವು. ಮುಜರಾಯಿ ದೇವಾಲಯಗಳಲ್ಲಿ ಮಳೆಗಾಗಿ ಪರ್ಜನ್ಯ ಹೋಮ ಮಾಡಿಸಬೇಕೆಂದು ಸರಕಾರವೇ ಆಜ್ಞೆ ಹೊರಡಿಸಿತು.

ಜನರ ಭಕ್ತಿಯನ್ನು ಹೀಯಾಳಿಸುವುದು ನಮ್ಮ ಉದ್ದೇಶವಲ್ಲ. ಬಿತ್ತಿದ ಬೀಜ ಮಣ್ಣಿನಲ್ಲೇ ಒಣಗುವುದನ್ನು ಕಂಡ ರೈತ ಆಕಾಶದ ಕಡೆ ಕೈಮುಗಿದರೆ ನಗುವಂಥದ್ದೇನೂ ಇಲ್ಲ. ಆದರೆ ಬೊಕ್ಕಸವನ್ನೂ ಇಂಜಿನಿಯರುಗಳನ್ನೂ ಕೈಯಲ್ಲಿಟ್ಟುಕೊಂಡ ಸರಕಾರ ಕೈಮುಗಿದು ಕೂರುವುದು ಬೇರೆಯೇ ಮಾತು. ಆದುದರಿಂದ ಒಂದು ಸೀಮೆಯ ವಾಯುಗುಣ ಯಾವ ಯಾವ ಕಾರಣಗಳಿಂದ ರೂಪುಗೊಳ್ಳುತ್ತದೆ, ಅದರಲ್ಲಿ ಪ್ರಕೃತಿಯ ಪಾಲೆಷ್ಟು, ಮನುಷ್ಯನ ಪಾಲೆಷ್ಟು ಎಂಬುದನ್ನು ಓದುಗರ ಮುಂದೆ ಇಡಬಯಸುತ್ತೇವೆ. ಇದು ಮಕ್ಕಳ ಭೂಗೋಳದ ಪಾಠವೆಂದು ಯಾರೂ ಪುಟ ತಿರುವಬಾರದು. ಶಾಲೆಯಲ್ಲಿ ಈ ಪಾಠ ಪರೀಕ್ಷೆಗೆಂದು ಬಾಯಿಪಾಠವಾಗಿ ಅಲ್ಲಿಯೇ ಮುಗಿಯುತ್ತದೆ. ಅದನ್ನು ಹೊಲದವರೆಗೆ, ಕಚೇರಿಯವರೆಗೆ ತರುವುದು ನಮ್ಮ ಕೆಲಸ.

ಭೂಪಟದಲ್ಲಿ 13 ಡಿಗ್ರಿ ಉತ್ತರ ಅಕ್ಷಾಂಶದ ಗೆರೆಯ ಮೇಲೆ ಬೆರಳಿಟ್ಟು ಪಡುವಣದಿಂದ ಮೂಡಣಕ್ಕೆ ಎಳೆಯಿರಿ. ಮಂಗಳೂರು, ಬೆಂಗಳೂರು, ಚೆನ್ನೈ ಮೂರೂ ಹೆಚ್ಚುಕಡಿಮೆ ಅದೇ ಗೆರೆಯ ಮೇಲೆ ಸಿಗುತ್ತವೆ. ಸೂರ್ಯನ ಶಾಖ ಎಲ್ಲಿ ಎಷ್ಟು ಬೀಳಬೇಕೆಂಬುದನ್ನು ಅಕ್ಷಾಂಶ ನಿರ್ಣಯಿಸುತ್ತದೆ. ವಾಯುಗುಣಕ್ಕೆ ಅದೊಂದೇ ಕಾರಣವಾಗಿದ್ದರೆ ಈ ಮೂರು ಊರುಗಳ ಹವೆ ಒಂದೇ ಆಗಿರಬೇಕಾಗಿತ್ತು. ಆದರೆ ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಬೆಂಗಳೂರಿನಲ್ಲಿ ಸಾವಿರಕ್ಕೆ ಸ್ವಲ್ಪ ಕಡಿಮೆ. ಚೆನ್ನೈಗೆ ಸುಮಾರು 1,400 ಮಿ.ಮೀ., ಅದರಲ್ಲಿ ಹೆಚ್ಚಿನದು ನಮ್ಮ ಮಳೆಗಾಲ ಮುಗಿದ ಮೇಲೆ, ಅಕ್ಟೋಬರಿನಿಂದ ಡಿಸೆಂಬರಿನವರೆಗೆ.

ಈ ಭೇದಕ್ಕೆ ಕಾರಣಗಳು ಗುಟ್ಟಿನವಲ್ಲ. ಮೊದಲನೆಯದು ಎತ್ತರ. ಮೇಲೇರಿದಷ್ಟೂ ಗಾಳಿ ತಂಪಾಗುತ್ತದೆ, ಸಾವಿರ ಮೀಟರಿಗೆ ಸುಮಾರು ಆರು ಡಿಗ್ರಿಯಂತೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ. ಅದರ ತಂಪಿಗೆ ಅದೇ ಮುಖ್ಯ ಕಾರಣ. ಎರಡನೆಯದು ಸಮುದ್ರದ ನೆರೆ. ನೀರು ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಆರುತ್ತದೆ. ಆದ್ದರಿಂದ ಕರಾವಳಿಯಲ್ಲಿ ಸೆಕೆಯಿದ್ದರೂ ರಾಯಚೂರಿನ ಬೇಸಗೆಯ ಉರಿಯಿಲ್ಲ. ಮೂರನೆಯದು ಗಾಳಿ. ಬೇಸಗೆಯಲ್ಲಿ ನೆಲ ಕಾದು, ಅದರ ಮೇಲಿನ ಗಾಳಿ ಹಗುರಾಗಿ, ಕಡಲಿನಿಂದ ತೇವದ ಗಾಳಿ ನುಗ್ಗಿಬರುತ್ತದೆ. ಇದೇ ನೈರುತ್ಯ ಮಾರುತ. ಚಳಿಗಾಲ ಸಮೀಪಿಸಿದಾಗ ಗಾಳಿ ದಿಕ್ಕು ಬದಲಿಸಿ ಈಶಾನ್ಯದಿಂದ ಬೀಸುತ್ತದೆ. ಆಗ ಚೆನ್ನೈಗೆ ಮಳೆ.

ನಾಲ್ಕನೆಯದೇ ನಮ್ಮ ಜಿಲ್ಲೆಯ ಹಣೆಬರಹವನ್ನು ಬರೆದದ್ದು. ಅದು ಬೆಟ್ಟ. ಅರಬ್ಬೀ ಸಮುದ್ರದ ತೇವವನ್ನು ಹೊತ್ತ ಗಾಳಿ ಪಶ್ಚಿಮ ಘಟ್ಟಕ್ಕೆ ತಾಕಿ ಮೇಲೇರುತ್ತದೆ, ಮೇಲೇರಿ ತಣ್ಣಗಾಗುತ್ತದೆ, ತಣ್ಣಗಾದಾಗ ಹೊತ್ತ ನೀರನ್ನು ಅಲ್ಲಿಯೇ ಸುರಿಯುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುವುದು ಹೀಗೆ. ಘಟ್ಟ ದಾಟಿದ ಗಾಳಿ ಇಳಿಜಾರಿನಲ್ಲಿ ಇಳಿಯುತ್ತಾ ಬೆಚ್ಚಗಾಗುತ್ತದೆ, ಒಣಗುತ್ತದೆ. ನಮ್ಮ ತಲೆಯ ಮೇಲೆ ಹಾಯುವಾಗ ಅದು ಬರಿಗೈಯ ಗಾಳಿ. ಆಗುಂಬೆಯಿಂದ ಚಳ್ಳಕೆರೆಗೆ ನೇರ ಗೆರೆ ಎಳೆದರೆ ಇನ್ನೂರು ಕಿಲೋಮೀಟರು ಆಗುವುದಿಲ್ಲ. ಚಳ್ಳಕೆರೆಯ ಮಳೆ 500 ಮಿ.ಮೀ. ಆಚೀಚೆ. ಹಿರಿಯರ ಲೆಕ್ಕದಲ್ಲಿ ಹೇಳುವುದಾದರೆ ಅಲ್ಲಿ 280 ಅಂಗುಲ, ಇಲ್ಲಿ 20 ಅಂಗುಲ. ಭೂಗೋಳದವರು ನಮ್ಮದನ್ನು ಮಳೆನೆರಳಿನ ಪ್ರದೇಶವೆಂದು ಕರೆಯುತ್ತಾರೆ. ಇದು ಯಾರ ಪಾಪದ ಫಲವೂ ಅಲ್ಲ. ಚಳ್ಳಕೆರೆಯವರು ಆಗುಂಬೆಯವರಿಗಿಂತ ಹದಿನಾಲ್ಕು ಪಾಲು ಹೆಚ್ಚು ಅಧರ್ಮಿಗಳೆಂದು ಯಾರಾದರೂ ಹೇಳಬಲ್ಲರೇ?

ಐದನೆಯದು ದೂರದ ಕಡಲುಗಳ ಏರಿಳಿತ. ಶಾಂತಸಾಗರದ ನಡುಭಾಗದ ಮತ್ತು ಮೂಡಣಭಾಗದ ನೀರು ವಾಡಿಕೆಗಿಂತ ಬಿಸಿಯಾದ ವರ್ಷಗಳಲ್ಲಿ ನಮ್ಮ ಮುಂಗಾರು ಸೊರಗುವುದು ಹೆಚ್ಚು. ಎಲ್ ನಿನೋ ಎಂಬ ಹೆಸರು ಇದಕ್ಕೇ. 2023ರಲ್ಲಿ ಹಾಗಾಯಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸಾರಬೇಕಾಯಿತು.

ಇಷ್ಟರವರೆಗಿನ ಕಾರಣಗಳನ್ನು ಯಾವ ಪಕ್ಷದ ಸರಕಾರವೂ ಬದಲಿಸಲಾರದು. ಘಟ್ಟವನ್ನು ಕಿತ್ತು ಬೇರೆಡೆ ನೆಡಲಾಗದು. ಮೋಡಬಿತ್ತನೆಯೆಂದು 2003ರಲ್ಲಿ 'ವರುಣ'ನನ್ನೂ, 2017ರಲ್ಲಿ 'ವರ್ಷಧಾರೆ'ಯನ್ನೂ ಹಾರಿಸಿ ನೋಡಿದ್ದಾಯಿತು. ಬಿತ್ತುವುದಕ್ಕೆ ಮೊದಲು ಮೋಡವಿರಬೇಕಷ್ಟೆ! ಹೀಗಿರುವಲ್ಲಿ ನಮ್ಮ ಪ್ರಶ್ನೆ ಬೇರೆಯದು. ಮಳೆ ಕಡಮೆಯೆಂಬುದು ನೂರಾರು ವರ್ಷಗಳಿಂದ ಗೊತ್ತಿರುವ ಸಂಗತಿಯಾದರೆ, ಪ್ರತಿ ಬರಗಾಲವೂ ಅನಿರೀಕ್ಷಿತ ಅತಿಥಿಯಂತೆ ಏಕೆ ಬರುತ್ತದೆ?

ಚರಿತ್ರೆಯನ್ನು ನೋಡೋಣ. 1876ರಿಂದ 1878ರವರೆಗೆ, ಧಾತು ಈಶ್ವರ ಸಂವತ್ಸರಗಳಲ್ಲಿ, ಮೈಸೂರು ಸೀಮೆಯನ್ನು ಮಹಾಕ್ಷಾಮ ನುಂಗಿತು. 1871ರ ಜನಗಣತಿಯಲ್ಲಿ ಐವತ್ತು ಲಕ್ಷಕ್ಕೂ ಮಿಕ್ಕಿದ್ದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿಯಿತು. ಆಗಲೂ ಶಾಂತಸಾಗರ ಕಾದಿತ್ತು, ಮಳೆ ತಪ್ಪಿತ್ತು ನಿಜ. ಆದರೆ ಅದೇ ವರ್ಷಗಳಲ್ಲಿ ಹಿಂದೂಸ್ಥಾನದಿಂದ ಗೋಧಿ ಇಂಗ್ಲೆಂಡಿಗೆ ಹಡಗೇರುತ್ತಿತ್ತು. ಪಕ್ಕದ ಮದರಾಸು ಪ್ರಾಂತದ ಪರಿಹಾರ ಕಾಮಗಾರಿಗಳಲ್ಲಿ ದುಡಿಯುವವನಿಗೆ ದಿನಕ್ಕೆ ಒಂದು ಪೌಂಡು ಧಾನ್ಯ ಸಾಕೆಂದು ಬಿಳಿಯ ಅಧಿಕಾರಿಗಳು ಗೊತ್ತುಪಡಿಸಿದ್ದರು. 2023ರಲ್ಲಿಯೂ ಮಳೆ ತಪ್ಪಿತು, ಆದರೆ ಆಗಿನಂತೆ ಹಾದಿಬದಿಯಲ್ಲಿ ಹೆಣಗಳು ಬೀಳಲಿಲ್ಲ. ಏಕೆಂದರೆ ಪಡಿತರ ಅಂಗಡಿಯಿತ್ತು, ಮತ ಹಾಕುವ ಜನರಿದ್ದರು. ಮಳೆಯ ಕೊರತೆ ಮುಗಿಲಿನದಾದರೂ ಕ್ಷಾಮ ಮನುಷ್ಯರ ವ್ಯವಸ್ಥೆಯದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಹಾಗೆಂದು ಇಂದಿನ ವ್ಯವಸ್ಥೆ ನ್ಯಾಯವಾದುದೆಂದು ನಾವು ಹೇಳಲಾರೆವು. 2023ರ ಬರಕ್ಕೆ ರಾಜ್ಯವು ಕೇಂದ್ರದಿಂದ 18,000 ಕೋಟಿಗೂ ಮಿಕ್ಕ ನೆರವು ಕೇಳಿತು. ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ, 2024ರ ಏಪ್ರಿಲಿನಲ್ಲಿ, ಸುಮಾರು 3,400 ಕೋಟಿ ಬಿಡುಗಡೆಯಾಯಿತು. ಆ ಹೊತ್ತಿಗೆ ಮುಂದಿನ ಮುಂಗಾರು ಹೊಸ್ತಿಲಲ್ಲಿತ್ತು. ಕೈಸೇರಿದ್ದಾದರೂ ಯಾರಿಗೆ? ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ಅದೂ ಎರಡು ಹೆಕ್ಟೇರಿನವರೆಗೆ, ಪಹಣಿ ನೋಡಿ. ಪಹಣಿಯಲ್ಲಿ ಹೆಸರಿಲ್ಲದೆ ಗೇಣಿಗೆ ಉಳುವವನಿಗೂ, ಕಳೆ ಕೀಳುವ ಹೆಂಗಸಿಗೂ, ಕುರಿ ಕಾಯುವವನಿಗೂ ಬರ ಬಂದಿಲ್ಲವೆಂದೇ ಆ ಲೆಕ್ಕದ ಅರ್ಥ. ಅವರು ಮನೆಗೆ ಬೀಗ ಹಾಕಿ, ಮುದುಕರನ್ನು ಜಗಲಿಯ ಮೇಲೆ ಬಿಟ್ಟು, ಬೆಂಗಳೂರಿನ ಕಟ್ಟಡದ ಕೆಲಸಕ್ಕೋ ಮಲೆನಾಡಿನ ಕಾಫಿ ತೋಟಕ್ಕೋ ಗುಳೆ ಹೋಗುತ್ತಾರೆ.

ಈಗ ಮನುಷ್ಯನ ಕೈಯಲ್ಲಿರುವ ಕಾರಣಗಳಿಗೆ ಬರೋಣ. ಕಾಡು ಮಳೆಯನ್ನು ಹುಟ್ಟಿಸುತ್ತದೆಯೆಂದು ಹೇಳುವುದು ಅತಿಯಾದೀತು. ಆದರೆ ಬಿದ್ದ ಮಳೆಯನ್ನು ಹಿಡಿದು ನೆಲಕ್ಕಿಳಿಸುವುದು, ತೇವದ ಒಂದು ಪಾಲನ್ನು ಮತ್ತೆ ಗಾಳಿಗೆ ಕೊಡುವುದು, ಹೊಳೆಯನ್ನು ಬೇಸಗೆಯವರೆಗೆ ಜೀವಂತವಾಗಿಡುವುದು ಅದರ ಕೆಲಸ. ನಮ್ಮ ವೇದಾವತಿ ಹುಟ್ಟುವುದು ಬಾಬಾಬುಡನ್‌ಗಿರಿಯ ಸೀಮೆಯಲ್ಲಿ. ಆ ನೀರನ್ನೇ ನಂಬಿ 1907ರಲ್ಲಿ ಹಿರಿಯೂರಿನ ಬಳಿ ಮಾರಿಕಣಿವೆಗೆ ಅಣೆಕಟ್ಟು ಕಟ್ಟಿ ಮುಗಿಸಿದರು. ಅದು 1933ರಲ್ಲಿ ತುಂಬಿ ಕೋಡಿ ಬಿದ್ದಿತು. ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ! ಹೀಗಿರುವಾಗ ಘಟ್ಟದ ಕಾಡು ಅಲ್ಲಿಯವರ ವಿಷಯವೆಂದು ಬಯಲುಸೀಮೆಯವರು ಸುಮ್ಮನಿರುವುದು ಸಲ್ಲದು. 2011ರಲ್ಲಿ ಗಾಡ್ಗೀಳ್ ಸಮಿತಿ ವರದಿ ಕೊಟ್ಟಿತು, 2013ರಲ್ಲಿ ಕಸ್ತೂರಿರಂಗನ್ ಸಮಿತಿ ಅದಕ್ಕಿಂತ ಸಡಿಲವಾದ ವರದಿ ಕೊಟ್ಟಿತು. ರಾಜ್ಯದ ಸಚಿವ ಸಂಪುಟ 2024ರಲ್ಲಿ ಆ ಸಡಿಲವಾದುದನ್ನೂ ತಳ್ಳಿಹಾಕಿತು. ಮಲೆನಾಡಿನ ಬಡ ಸಾಗುವಳಿದಾರನ ಭಯ ನಿಜವಾದುದೇ. ಅವನನ್ನು ಒಕ್ಕಲೆಬ್ಬಿಸದೆ ಕಾಡು ಕಾಯುವ ದಾರಿ ಹುಡುಕಬೇಕು. ಆದರೆ ಅವನ ಭಯವನ್ನು ಮುಂದುಮಾಡಿ ಗಣಿ, ರೆಸಾರ್ಟುಗಳ ಧಣಿಗಳಿಗೆ ರಕ್ಷಣೆ ಕೊಡುವುದನ್ನು ನಾವು ಒಪ್ಪಲಾರೆವು.

ಇದಕ್ಕಿಂತ ದೊಡ್ಡದು ಭೂಮಿಯೇ ಕಾಯುತ್ತಿರುವ ಸಂಗತಿ. ಕಲ್ಲಿದ್ದಲು, ಎಣ್ಣೆ ಸುಟ್ಟ ಹೊಗೆಯಿಂದ ಲೋಕದ ಶಾಖ ಏರಿ, 2024ನೆಯ ಇಸವಿ ಅಳತೆ ಇಟ್ಟ ವರ್ಷಗಳಲ್ಲೆಲ್ಲ ಅತ್ಯಂತ ಬಿಸಿಯಾದುದೆನಿಸಿತು. ಗಾಳಿ ಬಿಸಿಯಾದಷ್ಟೂ ಹೆಚ್ಚು ತೇವ ಹಿಡಿಯುತ್ತದೆ. ಒಂದೇ ದಿನ ಹುಚ್ಚುಮಳೆ, ಆಮೇಲೆ ವಾರಗಟ್ಟಲೆ ಒಣಹವೆ ಎಂಬ ಕಾಟ ಇದರಿಂದ ಹೆಚ್ಚುತ್ತದೆ. ಆ ಹೊಗೆಯಲ್ಲಿ ಸಿಂಹಪಾಲು ಧನಿಕ ದೇಶಗಳದ್ದು, ಎಲ್ಲ ದೇಶಗಳ ಧನಿಕರದ್ದು. ನಷ್ಟ ಮಾತ್ರ ಮೊಳಕಾಲ್ಮೂರಿನ ಎರಡೆಕರೆಯವನದು.

ಇಲ್ಲಿಯೇ, ನಮ್ಮ ಕಣ್ಣೆದುರಿಗೇ ನಡೆಯುತ್ತಿರುವುದನ್ನೂ ಹೇಳಬೇಕು. ಮಳೆನೆರಳಿನ ಈ ನೆಲಕ್ಕೆ ಹೇಳಿಮಾಡಿಸಿದ ಬೆಳೆ ನವಣೆ, ಸಾಮೆ, ರಾಗಿ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಸಾರಿತು. ಆ ವರ್ಷವೂ ಕೇಂದ್ರದ ಬೆಂಬಲ ಬೆಲೆಯ ಪಟ್ಟಿಯಲ್ಲಿ ನವಣೆ, ಸಾಮೆಗಳಿರಲಿಲ್ಲ. ಇತ್ತ ಹಣವುಳ್ಳವರು ನೂರಾರು ಅಡಿ ಕೊಳವೆಬಾವಿ ಕೊರೆದು ಒಣಸೀಮೆಯಲ್ಲಿ ಅಡಿಕೆ ತೋಟ ಎಬ್ಬಿಸುತ್ತಿದ್ದಾರೆ. ಅವರ ಪಂಪು ಓಡಿದಂತೆ ಪಕ್ಕದ ಬಡವನ ಬಾವಿ ಬತ್ತುತ್ತದೆ. ಆಳದಿಂದ ಬಂದ ನೀರಿನಲ್ಲಿ ಫ್ಲೋರೈಡ್ ಸೇರಿ ಮಕ್ಕಳ ಹಲ್ಲು, ಮೂಳೆ ಕೆಡುತ್ತದೆ. ನೆಲದಡಿಯ ನೀರಿಗೆ ಬೇಲಿಯಿಲ್ಲ, ಆದರೆ ಅದನ್ನು ಎತ್ತುವ ಶಕ್ತಿ ಆಸ್ತಿಯುಳ್ಳವನಿಗೆ ಮಾತ್ರ.

ನಮ್ಮ ಪೂರ್ವಿಕರು ಮಳೆನೆರಳನ್ನು ಅರಿತೇ ಕೆರೆ ಕಟ್ಟಿದರು. ನಾಡಿನಲ್ಲಿ ಮೂವತ್ತಾರು ಸಾವಿರಕ್ಕೂ ಮಿಕ್ಕಿ ಕೆರೆಗಳಿವೆ. ಅವುಗಳಲ್ಲಿ ಎಷ್ಟರಲ್ಲಿ ಹೂಳು ತುಂಬಿಲ್ಲ, ಎಷ್ಟರ ತೂಬು ಸರಿಯಿದೆ, ಎಷ್ಟರ ಅಂಗಳ ಒತ್ತುವರಿಯಾಗಿಲ್ಲ ಎಂದು ಪ್ರತಿ ಊರಿನವರೂ ತಮ್ಮ ಕೆರೆಯ ಏರಿಯ ಮೇಲೆ ನಿಂತು ಲೆಕ್ಕ ಹಾಕಲಿ. ಆದರೆ ಹಳೆಯ ಕಾಲವನ್ನು ಹಾಡಿ ಹೊಗಳುವವರ ಜೊತೆ ನಾವಿಲ್ಲ. ಕೆರೆ ತೋಡಿದವರು ಭೋವಿ ಜನ, ತೂಬು ಕಾದವನು ನೀರುಗಂಟಿ. ಅಚ್ಚುಕಟ್ಟಿನ ಗದ್ದೆ ಮಾತ್ರ ಮೇಲುಜಾತಿಯವರ ಪಾಲು. ಹೊಸ ಕೆರೆ ವ್ಯವಸ್ಥೆ ಈ ಅನ್ಯಾಯವನ್ನೂ ತೊಳೆಯಬೇಕು.

ಆದುದರಿಂದ ನಮ್ಮ ಬೇಡಿಕೆಗಳು ಇವು. ಮಳೆನೆರಳಿನ ತಾಲ್ಲೂಕುಗಳಲ್ಲಿ ಬರವನ್ನು ಆಕಸ್ಮಿಕವೆಂದು ಎಣಿಸದೆ, ಪ್ರತಿ ವರ್ಷದ ಆಯವ್ಯಯದಲ್ಲಿ ಅದಕ್ಕೆ ಖಾಯಂ ಹಣವಿಡಬೇಕು. ಪಂಚಾಯಿತಿಗೊಂದರಂತೆ ಮಳೆಮಾಪಕಗಳಿವೆ, ಇಂತಿಷ್ಟು ದಿನ ಮಳೆ ತಪ್ಪಿದರೆ ಅರ್ಜಿಯಿಲ್ಲದೆ ಪರಿಹಾರ ತಾನಾಗಿ ಸಲ್ಲಬೇಕು. ಅದು ಗೇಣಿದಾರನಿಗೂ ಕೂಲಿಯವರಿಗೂ ಸಲ್ಲಬೇಕು. ಹೂಳೆತ್ತುವ ಕೆಲಸ ಗುತ್ತಿಗೆದಾರನ ಯಂತ್ರಕ್ಕಲ್ಲ, ಗುಳೆ ಹೋಗುವ ಕೈಗಳಿಗೆ ಸಿಗಬೇಕು. ನವಣೆ, ಸಾಮೆಗಳನ್ನು ಸರಕಾರ ನಿಗದಿ ಬೆಲೆಗೆ ಕೊಂಡು ಪಡಿತರದಲ್ಲಿ ಹಂಚಬೇಕು. ಕೊಳವೆಬಾವಿಗೆ ಮಿತಿ ಬೇಕು, ಆ ಮಿತಿ ಶ್ರೀಮಂತನಿಂದ ಆರಂಭವಾಗಬೇಕು. ಭದ್ರಾ ಮೇಲ್ದಂಡೆಗೆ 2023ರ ಕೇಂದ್ರ ಬಜೆಟ್ಟಿನಲ್ಲಿ ಘೋಷಿಸಿದ 5,300 ಕೋಟಿಗಾಗಿ 2024ರಲ್ಲೂ ರೈತರು ಬೀದಿಗಿಳಿಯಬೇಕಾಯಿತು. ಮಾತು ಕೊಟ್ಟವರು ಅದಕ್ಕೆ ಉತ್ತರ ಕೊಡಬೇಕು. ಆ ನೀರು ಬಂದಾಗಲೂ ಮೊದಲು ಕೆರೆಗೆ, ಕುಡಿಯುವ ಕೊಡಕ್ಕೆ, ಆಮೇಲೆ ತೋಟಕ್ಕೆ.

ಮುಂದಿನ ಗ್ರಾಮಸಭೆಯಲ್ಲಿ ನಮ್ಮ ಕಾರ್ಯಕರ್ತರು ಈ ಬೇಡಿಕೆಗಳನ್ನು ಠರಾವಾಗಿ ಮಂಡಿಸಬೇಕು. ಬೆಟ್ಟವನ್ನು ಯಾರೂ ಸರಿಸಬೇಕಾಗಿಲ್ಲ. ತೂಬನ್ನು ರಿಪೇರಿ ಮಾಡಿಸುವುದು, ಒತ್ತುವರಿ ಬಿಡಿಸುವುದು, ಕೂಲಿಯ ಪಟ್ಟಿಯಲ್ಲಿ ಹೆಸರು ಹತ್ತಿಸುವುದು ಮನುಷ್ಯಸಾಧ್ಯವಾದ ಕೆಲಸಗಳು. ಅವನ್ನು ಕೇಳಿ ಪಡೆಯುವುದಕ್ಕೆ ಮಳೆಗಾಗಿ ಕಾಯಬೇಕಾಗಿಲ್ಲ.